ಹೆಡ್ ಗ್ಯಾಸ್ಕೆಟ್ ನಾವೇ ಬದಲಾಯಿಸಬಹುದು, ಆದರೆ ಮೊದಲು ನೀರು ನೋಡಿ

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳೇ ಡೀಸೆಲ್ ಜೀಪು ಇಟ್ಟುಕೊಂಡಿರುವ ರೈತರು ಇನ್ನೂ ಇದ್ದಾರೆ. ತೋಟಕ್ಕೆ ಗೊಬ್ಬರ, ಮಾರುಕಟ್ಟೆಗೆ ಟೊಮೆಟೊ, ಮಾವು, ಮನೆಗೆ ಮೇವು, ಎಲ್ಲಕ್ಕೂ ಅದೇ. ಉಳುಮೆ ಮಾಡಿದ ಹೊಲದಲ್ಲಿ, ಕೆರೆ ಕೋಡಿ ದಾರಿಯಲ್ಲಿ ಅದು ಹೋಗುವ ಹಾಗೆ ಹೊಸ ಪಿಕಪ್ ಹೋಗುವುದಿಲ್ಲ. ಆದರೆ ವಯಸ್ಸಾದ ಎಂಜಿನ್‌ಗೆ ಬರುವ ಒಂದು ಕಾಯಿಲೆ ಹೆಡ್ ಗ್ಯಾಸ್ಕೆಟ್ ಸೋರುವುದು. ನಾನು ಇದನ್ನು 2019ರಲ್ಲಿ ಎರಡು ಸಲ ಬದಲಾಯಿಸಿದೆ. ಮೊದಲ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹಳೇ ಟ್ರ್ಯಾಕ್ಟರ್ ಎಂಜಿನ್‌ಗೂ ಇದರ ಬಹುಪಾಲು ಹೊಂದುತ್ತದೆ.

ನಾನು ಮಾಡಿದ ತಪ್ಪು

ಆ ವರ್ಷ ಮೇ ತಿಂಗಳಲ್ಲಿ ಟ್ರೇಲರಿಗೆ 40 ಬಾಕ್ಸ್ ಟೊಮೆಟೊ ಹಾಕಿಕೊಂಡು ಕೋಲಾರದ ಎಪಿಎಂಸಿಗೆ ಹೊರಟಿದ್ದೆ. ಬಾಕ್ಸಿಗೆ 15 ಕೆ.ಜಿ. ಲೆಕ್ಕದಲ್ಲಿ 600 ಕೆ.ಜಿ. ಮುಳಬಾಗಿಲು ಬಿಟ್ಟು ಒಂದು ಏರಿನಲ್ಲಿ ಬಿಸಿ ಮುಳ್ಳು ಮೇಲಕ್ಕೆ ಹೋಯಿತು. ಹರಾಜಿಗೆ ಹೊತ್ತಾಗುತ್ತೆ ಅಂತ ನಿಲ್ಲಿಸಲಿಲ್ಲ. ಬಾನೆಟ್‌ನಿಂದ ಹಬೆ ಬಂದ ಮೇಲೆ ನಿಲ್ಲಿಸಿ, ಹತ್ತೇ ನಿಮಿಷಕ್ಕೆ ಪಕ್ಕದ ಕುಂಟೆಯಿಂದ ತಣ್ಣೀರು ತಂದು ಸುರಿದೆ. ಜೀಪು ಸ್ಟಾರ್ಟ್ ಆಯಿತು, ಮಾಲೂ ತಲುಪಿತು. ಗೆದ್ದೆ ಅಂದುಕೊಂಡೆ.

ಮಾರನೇ ವಾರದಿಂದ ದಿನಾ ಎರಡು ಲೀಟರ್ ನೀರು ಕಡಿಮೆಯಾಗತೊಡಗಿತು. ಗ್ಯಾಸ್ಕೆಟ್ ಹೋಗಿದೆ ಅಂತ ಗೊತ್ತಾಯಿತು. ನಾನೇ ಹೆಡ್ ಇಳಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಕೈ ಅಂದಾಜಿನಲ್ಲಿ ಬಿಗಿದೆ. ಎರಡು ತಿಂಗಳು ಓಡಿತು. ಜುಲೈನಲ್ಲಿ, ಟೊಮೆಟೊ ಜೋರಾಗಿ ಕೊಯ್ಯುವ ಹೊತ್ತಿಗೆ, ಮತ್ತೆ ಹೋಯಿತು. ಬಾಡಿಗೆ ಗಾಡಿಗೆ ಕೊಟ್ಟ ದುಡ್ಡು ಹಾಗಿರಲಿ, ಗಾಡಿ ಸಿಗದೆ ಒಂದು ದಿನದ ಕೊಯ್ಲು ಹಣ್ಣಾಗಿ ತೋಟದಲ್ಲೇ ಕೂತಿತು.

ಎರಡನೇ ಸಲ ಹೆಡ್ಡನ್ನು ಕೋಲಾರದ ಒಂದು ಲೇತ್ ಅಂಗಡಿಗೆ ತಗೊಂಡು ಹೋದೆ. ಅಲ್ಲಿನ ಯಜಮಾನರು ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ತೆಳು ತಗಡು ತೂರಿಸಿ ತೋರಿಸಿದರು. ಆಮೇಲೆ ನೀರಿನ ತೂತುಗಳಲ್ಲಿ ಬೆರಳಾಡಿಸಿ ಬಿಳೀ ಸುಣ್ಣದ ಹೆಕ್ಕಳೆ ತೆಗೆದು ನನ್ನ ಅಂಗೈಗೆ ಹಾಕಿದರು.

"ನೀನು ಗ್ಯಾಸ್ಕೆಟ್ ಬದಲಾಯಿಸ್ದೆ ಕಣಪ್ಪ, ಕಾಯಿಲೆ ಹಂಗೇ ಬಿಟ್ಟೆ. ಯಾವ ನೀರು ಹಾಕ್ತೀಯ ಇದಕ್ಕೆ?"

"ಬೋರ್ ನೀರೇ ಅಣ್ಣ, ಇನ್ಯಾವುದು?"

"ಅದೇ ನೋಡು ಮತ್ತೆ."

ಈ ಲೇಖನದ ಸಾರ ಇಷ್ಟೇ. ಗ್ಯಾಸ್ಕೆಟ್ ತಾನಾಗಿ ಹೋಗುವುದು ಅಪರೂಪ. ಎಂಜಿನ್ ಕಾದು ಹೆಡ್ ಬಾಗಿದಾಗ ಅದು ಹೋಗುತ್ತದೆ. ಕಾಯುವುದಕ್ಕೆ ಕಾರಣ ಹುಡುಕದೆ ಗ್ಯಾಸ್ಕೆಟ್ ಮಾತ್ರ ಬದಲಾಯಿಸಿದರೆ ದುಡ್ಡು ದಂಡ.

ಗ್ಯಾಸ್ಕೆಟ್ ಹೋಗಿದೆ ಎಂದು ತಿಳಿಯುವುದು ಹೇಗೆ?

ಸಿಲಿಂಡರ್ ಬ್ಲಾಕ್ ಮತ್ತು ಹೆಡ್ಡಿನ ನಡುವೆ ಇರುವ ಹಾಳೆಯೇ ಹೆಡ್ ಗ್ಯಾಸ್ಕೆಟ್. ಉರಿಯುವ ಗ್ಯಾಸು, ತಂಪು ಮಾಡುವ ನೀರು, ಎಂಜಿನ್ ಆಯಿಲ್, ಈ ಮೂರನ್ನೂ ಒಂದಕ್ಕೊಂದು ಸೇರದಂತೆ ತಡೆಯುವುದು ಅದರ ಕೆಲಸ. ಎಲ್ಲಿ ಹರಿದಿದೆ ಅನ್ನುವುದರ ಮೇಲೆ ಲಕ್ಷಣ ಬೇರೆ ಬೇರೆ.

1. ಗ್ಯಾಸು ನೀರಿಗೆ ಸೇರಿದರೆ: ತಣ್ಣಗಿರುವ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳುಗುಳು ಅಂತ ಗುಳ್ಳೆ ನಿಲ್ಲದೆ ಬರುತ್ತದೆ. ಮುಚ್ಚಳ ಹಾಕಿದ್ದರೆ ಎಂಜಿನ್ ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಪೈಪು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

2. ನೀರು ಸಿಲಿಂಡರಿಗೆ ಇಳಿದರೆ: ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಸಿಲಿಂಡರ್ ಹೊಡೆಯದೆ ಕುಂಟುತ್ತದೆ. ಬಿಸಿಯಾದ ಮೇಲೂ ಬಿಳೀ ಹೊಗೆ ನಿಲ್ಲುವುದಿಲ್ಲ.

3. ನೀರು ಆಯಿಲ್ಲಿಗೆ ಸೇರಿದರೆ: ಡಿಪ್ ಸ್ಟಿಕ್ ತೆಗೆದಾಗ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣ. ಇದಾದರೆ ಆ ಕ್ಷಣವೇ ಓಡಿಸುವುದು ನಿಲ್ಲಿಸಿ, ಬೇರಿಂಗು ಉಳಿಯುವುದಿಲ್ಲ. ಚಳಿಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳೀ ನೊರೆ ಇದ್ದರೆ ಅದು ಬರೀ ತೇವ, ಹೆದರಬೇಕಿಲ್ಲ.

4. ಎರಡು ಸಿಲಿಂಡರಿನ ನಡುವೆ ಹರಿದರೆ: ನೀರು, ಆಯಿಲ್ ಎರಡೂ ಸರಿ ಇರುತ್ತವೆ, ಆದರೆ ಪಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಕಂಪ್ರೆಷನ್ ಇರುವುದಿಲ್ಲ. ಎಳೆತ ಕಡಿಮೆ, ಅದುರು ಜಾಸ್ತಿ.

ಬಿಚ್ಚುವ ಮೊದಲು ನೀರು ಬೇರೆ ಕಡೆಯಿಂದ ಸೋರುತ್ತಿಲ್ಲ ಎಂದು ನೋಡಿಕೊಳ್ಳಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೋಸ್ ಕ್ಲ್ಯಾಂಪು, ರೇಡಿಯೇಟರ್ ಬೆಸುಗೆ, ಮೂರನ್ನೂ ನೋಡಬೇಕು. ಐವತ್ತು ರೂಪಾಯಿ ಕ್ಲ್ಯಾಂಪಿಗಾಗಿ ಹೆಡ್ ಬಿಚ್ಚಿದವರೂ ಇದ್ದಾರೆ.

ಒಂದು ಎಚ್ಚರಿಕೆ. ಸಿಲಿಂಡರಿನಲ್ಲಿ ನೀರು ನಿಂತಿರುವ ಅನುಮಾನ ಇದ್ದರೆ ಸೆಲ್ಫ್ ಹೊಡೆಯಬೇಡಿ. ನೀರು ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ತೆಗೆದು ಕೈಯಲ್ಲಿ ತಿರುಗಿಸಿ ನೋಡಿ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರು ಮಾಡುವುದು ಒಳ್ಳೆಯದು. ಬಿಸಿಯಲ್ಲಿ ಬಿಚ್ಚಿದರೆ ನೆಟ್ಟಗಿರುವ ಹೆಡ್ಡೂ ಬಾಗುತ್ತದೆ.

ಬ್ಯಾಟರಿ ವೈರು ತೆಗೆಯಿರಿ. ರೇಡಿಯೇಟರ್ ಕೆಳಗಿನ ಕಾಕ್ ಜೊತೆ ಬ್ಲಾಕಿನ ಪಕ್ಕದ ಕಾಕ್ ಕೂಡ ತೆಗೆದು ನೀರು ಬಿಡಿ. ಬ್ಲಾಕಿನ ಕಾಕ್‌ನಿಂದ ಹನಿಯೂ ಬರದಿದ್ದರೆ ಒಳಗೆ ಸುಣ್ಣ, ಕೆಸರು ಕಟ್ಟಿದೆ ಎಂದು ಅರ್ಥ. ನನ್ನದರಲ್ಲಿ ತಂತಿ ಹಾಕಿ ಕೆದಕಿದ ಮೇಲೆಯೇ ಕೆಂಪು ನೀರು ಬಂತು. ಆಯಿಲ್ಲನ್ನೂ ಇಳಿಸಿ.

ಆಮೇಲೆ ಹೋಸ್, ಏರ್ ಕ್ಲೀನರ್ ಪೈಪು, ಸೈಲೆನ್ಸರ್ ಕಡೆಯ ಮತ್ತು ಗಾಳಿ ಕಡೆಯ ಮ್ಯಾನಿಫೋಲ್ಡ್, ಡೀಸೆಲ್ ಪೈಪು, ಇಂಜೆಕ್ಟರ್. ಡೀಸೆಲ್ ಪೈಪಿನ ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಒಂದು ಕಣ ಮಣ್ಣು ಹೋದರೂ ಇಂಜೆಕ್ಟರ್ ಕೆಡುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಎಲ್ಲಾ ಒಂದೇ ಬೋಸಿಗೆ ಹಾಕಬೇಡಿ, ಜಾಗಕ್ಕೊಂದು ಡಬ್ಬ ಇಡಿ.

ವಾಲ್ವ್ ಕವರ್ ತೆಗೆದು ರಾಕರ್ ಶಾಫ್ಟ್ ಬಿಚ್ಚಿ, ಪುಶ್ ರಾಡ್‌ಗಳನ್ನು ಒಂದೊಂದಾಗಿ ಎತ್ತಿ. ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಮಾವಿನ ಹಣ್ಣಿನ ರಟ್ಟಿನ ಪೆಟ್ಟಿಗೆಗೆ ಎಂಟು ತೂತು ಮಾಡಿ, 1ರಿಂದ 8ರ ತನಕ ನಂಬರು ಬರೆದು ಸಾಲಾಗಿ ಚುಚ್ಚಿಟ್ಟೆ. ಇದಕ್ಕಿಂತ ಸುಲಭ ಬೇರೆ ಇಲ್ಲ.

ಹೆಡ್ ನಟ್ಟುಗಳನ್ನು ಎರಡು ತುದಿಯಿಂದ ನಡುವಿನ ಕಡೆಗೆ, ಒಂದು ಸುತ್ತಿಗೆ ಕಾಲು ತಿರುವಿನಂತೆ, ಮೂರು ನಾಲ್ಕು ಸುತ್ತಿನಲ್ಲಿ ಸಡಿಲಿಸಿ. ಹೆಡ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸಬೇಡಿ. ಮರದ ಕೊಡತಿಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಎತ್ತುವುದಕ್ಕೆ ಇಬ್ಬರು ಬೇಕೇ ಬೇಕು.

ಲೈನರಿನ ಸುತ್ತ ನೇರವಾಗಿ ನೀರು ಆಡುವ ಎಂಜಿನ್ ಆದರೆ, ಇದಕ್ಕೆ ವೆಟ್ ಲೈನರ್ ಎನ್ನುತ್ತಾರೆ, ಹೆಡ್ ತೆಗೆದ ಮೇಲೆ ಎಂಜಿನ್ ತಿರುಗಿಸಬಾರದು. ಲೈನರ್ ಮೇಲೆದ್ದು ಕೆಳಗಿನ ಸೀಲು ಹೋಗಿ ನೀರು ಆಯಿಲ್ ಚೇಂಬರಿಗೆ ಇಳಿಯುತ್ತದೆ.

ಹಳೇ ಗ್ಯಾಸ್ಕೆಟ್ ಓದಿ

ಹಳೇ ಗ್ಯಾಸ್ಕೆಟ್ಟನ್ನು ಬಿಸಾಡಬೇಡಿ. ಬೆಳಕಿಗೆ ಹಿಡಿದು ನೋಡಿ. ಬೆಂಕಿ ಉಂಗುರದಿಂದ ನೀರಿನ ತೂತಿಗೆ ಕಪ್ಪು ಗೆರೆ ಹೋಗಿದ್ದರೆ ಗ್ಯಾಸು ಹೋದ ದಾರಿ ಅದೇ. ತುಕ್ಕಿನ ಗೆರೆ ಇದ್ದರೆ ನೀರಿನ ದಾರಿ. ಆ ಜಾಗವನ್ನು ಹೆಡ್ ಮತ್ತು ಬ್ಲಾಕ್ ಎರಡರಲ್ಲೂ ಸೀಮೆಸುಣ್ಣದಿಂದ ಗುರುತು ಮಾಡಿ. ನನ್ನದರಲ್ಲಿ ಕಪ್ಪು ಗೆರೆ ಇದ್ದದ್ದು 2 ಮತ್ತು 3ನೇ ಸಿಲಿಂಡರಿನ ಹತ್ತಿರ. ಹೆಡ್ ಬಾಗಿದ್ದೂ ಅಲ್ಲೇ. ಮೊದಲ ಸಲವೇ ಇದನ್ನು ಓದಿದ್ದರೆ ಜುಲೈನಲ್ಲಿ ಅಳುವ ಹಾಗಿರಲಿಲ್ಲ.

ಮೇಲ್ಮೈ ಸ್ವಚ್ಛ ಮಾಡುವಾಗ ಎಮರಿ ಕಾಗದ, ಗ್ರೈಂಡರಿನ ತಂತಿ ಬ್ರಶ್ ಬೇಡ. ಅದರ ಪುಡಿ ಬೇರಿಂಗಿಗೆ ಹೋಗುತ್ತದೆ, ಮೇಲ್ಮೈಯೂ ಹಳ್ಳ ಬೀಳುತ್ತದೆ. ಸಿಲಿಂಡರ್, ತೂತುಗಳಿಗೆಲ್ಲ ಬಟ್ಟೆ ತುರುಕಿ, ಹಿತ್ತಾಳೆ ಅಥವಾ ಗಟ್ಟಿ ಮರದ ಚಕ್ಕೆಯಿಂದ ಕೆರೆದು, ಡೀಸೆಲ್ ಬಟ್ಟೆಯಿಂದ ಒರೆಸಿ. ಬೋಲ್ಟ್ ಇಳಿಯುವ ತೂತುಗಳಲ್ಲಿ ನೀರು, ಆಯಿಲ್ ನಿಂತಿರಬಾರದು. ನಿಂತಿದ್ದರೆ ಬಿಗಿಯುವಾಗ ಅದು ಹೋಗಲು ಜಾಗವಿಲ್ಲದೆ ಬ್ಲಾಕೇ ಬಿರುಕು ಬಿಡಬಹುದು.

ಹೆಡ್ ನೆಟ್ಟಗಿದೆಯೇ ನೋಡುವುದಕ್ಕೆ ಒಂದು ನಂಬಿಕೆಯ ಉಕ್ಕಿನ ಪಟ್ಟಿ, ಒಂದು ಫೀಲರ್ ಗೇಜ್ ಸಾಕು. ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಗಳಿಗೆ ಪಟ್ಟಿ ಇಟ್ಟು ಕೆಳಗೆ ಗೇಜ್ ತೂರಿಸಿ. 0.10 ಮಿ.ಮೀ. ತಗಡು ತೂರಿದರೆ ಮನೆಯಲ್ಲಿ ಕೂಡಿಸಬೇಡಿ, ಲೇತಿಗೆ ಕೊಡಿ. ಅಲ್ಲೇ ವಾಲ್ವ್‌ಗಳ ನಡುವೆ ಬಿರುಕಿದೆಯೇ ಎಂದು ಪ್ರೆಷರ್ ಹಾಕಿಸಿ ನೋಡಿ. ಬಿರುಕು ಬಿಟ್ಟ ಹೆಡ್ಡಿಗೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಉಪಯೋಗವಿಲ್ಲ. ಹೆಡ್ ತೇಯಿಸುವಾಗ ಎಷ್ಟು ಬೇಕೋ ಅಷ್ಟೇ ತೇಯಬೇಕು. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್‌ಗೂ ವಾಲ್ವಿಗೂ ನಡುವೆ ಜಾಗ ಬಹಳ ಕಡಿಮೆ. ಬ್ಲಾಕಿನ ಮೇಲೂ ಪಟ್ಟಿ ಇಟ್ಟು ನೋಡಿ. ಲೈನರ್ ಎಷ್ಟು ಮೇಲಿರಬೇಕು ಎಂಬ ಅಳತೆ ನಿಮ್ಮ ಎಂಜಿನ್ ಪುಸ್ತಕದಲ್ಲಿದೆ.

ಕೂಡಿಸುವುದು

ಅಂಗಡಿಗೆ ಹೋಗುವಾಗ ಎಂಜಿನ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ಹಳೇ ಗ್ಯಾಸ್ಕೆಟ್ಟನ್ನೂ ಜೊತೆಗೆ ಒಯ್ಯಿರಿ. ಒಂದೇ ಹೆಸರಿನ ಜೀಪಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಎಂಜಿನ್ ಬಂದಿವೆ. ಹೊಸದನ್ನು ಹಳೆಯದರ ಮೇಲಿಟ್ಟು ಪ್ರತಿ ತೂತೂ ಹೊಂದುತ್ತದೆಯೇ ನೋಡಿ. ಮುಖ್ಯವಾಗಿ ರಾಕರಿಗೆ ಆಯಿಲ್ ಹೋಗುವ ಸಣ್ಣ ತೂತು. ತಿರುಗಾಮುರುಗಾ ಹಾಕಿದರೆ ಅದು ಮುಚ್ಚಿಹೋಗುತ್ತದೆ. ಮೇಲ್ಭಾಗದ ಗುರುತು ಇದ್ದರೆ ಅದು ಮೇಲಕ್ಕೇ ಇರಬೇಕು. ಕೆಲವರು ಗ್ರೀಸು, ಶೆಲ್ಯಾಕ್ ಬಳಿಯುತ್ತಾರೆ. ಗ್ಯಾಸ್ಕೆಟ್ ಮಾಡಿದವರು ಬಳಿಯಿರಿ ಎಂದು ಹೇಳಿದ್ದರೆ ಮಾತ್ರ ಬಳಿಯಿರಿ. ಒಮ್ಮೆ ಬಿಗಿದ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಬಾರದು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್‌ಗಳೂ ಹೊಸದಾಗಿರಲಿ.

ಬಿಗಿಯುವುದು ಈ ಕೆಲಸದ ಜೀವ. ನಡುವಿನಿಂದ ಶುರು ಮಾಡಿ ಎರಡು ತುದಿಗೆ, ಬಸವನ ಹುಳದ ಚಿಪ್ಪಿನ ಸುತ್ತಿನಂತೆ ಹೋಗಬೇಕು. ಹಾಳೆ ಅಂಟಿಸುವಾಗ ನಡುವಿನಿಂದ ಒತ್ತಿ ಗಾಳಿ ಹೊರಗೆ ಹಾಕುವ ಹಾಗೆ. ಪುಸ್ತಕದಲ್ಲಿ ಹೇಳಿದ ಬಿಗಿಯನ್ನು ಒಂದೇ ಸಲಕ್ಕೆ ತರಬೇಡಿ. ಮೊದಲ ಸುತ್ತಿನಲ್ಲಿ ಮೂರನೇ ಒಂದು ಭಾಗ, ಎರಡನೇ ಸುತ್ತಿನಲ್ಲಿ ಮೂರನೇ ಎರಡು ಭಾಗ, ಮೂರನೆಯದರಲ್ಲಿ ಪೂರ್ತಿ.

ಟಾರ್ಕ್ ರೆಂಚ್ ಎರವಲು ಸಿಕ್ಕರೆ ಸರಿ. ಸಿಗದಿದ್ದರೆ ಸ್ಪ್ರಿಂಗ್ ತಕ್ಕಡಿ ಇದೆ. ಸ್ಪ್ಯಾನರಿಗೆ ಪೈಪು ಹಾಕಿ, ಬೋಲ್ಟಿನ ನಡುವಿನಿಂದ ಸರಿಯಾಗಿ 60 ಸೆಂ.ಮೀ. ದೂರಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪೈಪಿಗೆ ಮೂಲೆಮಟ್ಟಕ್ಕೆ ಎಳೆಯಿರಿ. ಲೆಕ್ಕ ಸುಲಭ: ಮೀಟರಿನಲ್ಲಿ ದೂರ ಗುಣಿಸು ತಕ್ಕಡಿಯ ಕೆ.ಜಿ. ಉದಾಹರಣೆಗೆ 9 ಕೆ.ಜಿ.-ಮೀಟರ್ ಬೇಕಾದರೆ 0.60 ಮೀಟರ್ ದೂರದಲ್ಲಿ 15 ಕೆ.ಜಿ. ಎಳೆತ. ಈ 9 ಬರೀ ಲೆಕ್ಕ ತೋರಿಸಲು ಹೇಳಿದ್ದು, ನಿಮ್ಮ ಎಂಜಿನ್ನಿನ ಅಂಕಿ ಅದರ ಪುಸ್ತಕದಲ್ಲೇ ನೋಡಿ. ತಕ್ಕಡಿಯನ್ನು ಮೊದಲು ಗೊತ್ತಿರುವ ತೂಕದ ಕಲ್ಲಿನಿಂದ ಪರೀಕ್ಷಿಸಿ.

ಹಳೇ ಪುಸ್ತಕಗಳಲ್ಲಿ ಪೌಂಡ್-ಅಡಿ, ಹೊಸದರಲ್ಲಿ ನ್ಯೂಟನ್-ಮೀಟರ್ ಇರುತ್ತದೆ. 1 ಕೆ.ಜಿ.-ಮೀಟರ್ ಅಂದರೆ ಸುಮಾರು 7.2 ಪೌಂಡ್-ಅಡಿ, ಸುಮಾರು 9.8 ನ್ಯೂಟನ್-ಮೀಟರ್. ಒಂದನ್ನು ಇನ್ನೊಂದು ಅಂದುಕೊಂಡರೆ ಬೋಲ್ಟು ಮುರಿಯುತ್ತದೆ. ಪುಸ್ತಕದಲ್ಲಿ ಬಿಗಿಯನ್ನು ಡಿಗ್ರಿಯಲ್ಲಿ ಹೇಳಿದ್ದರೆ ಅಂಥ ಬೋಲ್ಟು ಎಳೆದು ಉದ್ದವಾಗುವ ಜಾತಿ. ಅವನ್ನು ಹೊಸದಾಗಿ ಹಾಕುವುದು ಕ್ಷೇಮ.

ಕೊನೆಗೆ ಟ್ಯಾಪೆಟ್. ಫೈರಿಂಗ್ 1-3-4-2 ಇರುವ ನಾಲ್ಕು ಸಿಲಿಂಡರಿನಲ್ಲಿ 4ರ ಎರಡೂ ವಾಲ್ವ್ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ತೂಗುವಾಗ 1ನ್ನು ಹೊಂದಿಸಿ, 1 ತೂಗುವಾಗ 4ನ್ನು. ಹಾಗೇ 2 ತೂಗುವಾಗ 3, 3 ತೂಗುವಾಗ 2. ಎಷ್ಟು ಸಂದು, ತಣ್ಣಗೋ ಬಿಸಿಯೋ ಎಂಬುದು ಮತ್ತೆ ಪುಸ್ತಕದ ಪ್ರಕಾರ.

ಹೊಸ ಆಯಿಲ್, ಫಿಲ್ಟರ್ ಹಾಕಿ, ಡೀಸೆಲ್ ಲೈನಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿ. ಆಯಿಲ್ಲಿಗೆ ನೀರು ಸೇರಿದ್ದರೆ ಸ್ವಲ್ಪ ಓಡಿಸಿ ಇನ್ನೊಮ್ಮೆ ಆಯಿಲ್ ಬದಲಾಯಿಸಿ. ಲೋಡಿಲ್ಲದೆ ಬಿಸಿ ಮಾಡಿ, ಸೋರಿಕೆ ನೋಡಿ, ಪೂರ್ತಿ ತಣ್ಣಗಾದ ಮೇಲೆ ನೀರಿನ ಮಟ್ಟ ಸರಿ ಮಾಡಿ. ಹಳೇ ಎಂಜಿನ್‌ಗಳಲ್ಲಿ ಸ್ವಲ್ಪ ಓಡಿಸಿದ ಮೇಲೆ ಹೆಡ್ ಮತ್ತೊಮ್ಮೆ ಬಿಗಿಯಲು ಪುಸ್ತಕ ಹೇಳುತ್ತದೆ. ಹಾಗೆ ಬಿಗಿದರೆ ಟ್ಯಾಪೆಟ್ ಕೂಡ ಮತ್ತೆ ನೋಡಬೇಕು.

ಈಗ ನೀರಿನ ವಿಷಯ

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಸಾವಿರ ಅಡಿಗೂ ಕೆಳಗಿನಿಂದ ಬರುವ ಬೋರ್ ನೀರಿನಲ್ಲಿ ಸುಣ್ಣ, ಉಪ್ಪು ಜಾಸ್ತಿ. ಕಾಯಿಸುವ ಹಂಡೆಯ ತಳದಲ್ಲಿ ಬಿಳೀ ಹೆಕ್ಕಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಎಂಜಿನ್ ಒಳಗೂ ಅದೇ ಕಟ್ಟುತ್ತದೆ. ಸುಣ್ಣದ ಪದರ ಬಿಸಿಯನ್ನು ನೀರಿಗೆ ಬಿಡುವುದಿಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಖಾಲಿ ಓಡುವಾಗ ಗೊತ್ತಾಗುವುದಿಲ್ಲ. 40 ಬಾಕ್ಸ್ ಎಳೆದು ಏರು ಹತ್ತುವಾಗ ಗೊತ್ತಾಗುತ್ತದೆ. ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಆದರೆ ಕೆರೆ, ಕುಂಟೆಯ ನೀರೂ ರೇಡಿಯೇಟರಿಗೆ ಬೇಡ.

ಇನ್ನೊಂದು ವಿಷಯ. ನಮ್ಮ ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಮುಂಚೆ, ಸುಮಾರು 97ಕ್ಕೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವುದನ್ನು ಮುಂದೂಡುತ್ತದೆ. ಸ್ಪ್ರಿಂಗ್ ಸತ್ತ, ರಬ್ಬರ್ ಹರಿದ ಮುಚ್ಚಳ ಇದ್ದರೆ ಆ ಅನುಕೂಲ ಹೋಯಿತು. ಅದಕ್ಕೇ ಗ್ಯಾಸ್ಕೆಟ್ ಜೊತೆ ಮುಚ್ಚಳವನ್ನೂ ಹೊಸದು ಹಾಕಿ.

ನಾನು ಎರಡನೇ ಸಲ ಮಾಡಿದ್ದು ಇಷ್ಟು:

ರೇಡಿಯೇಟರ್ ಕೆಲಸದವರ ಹತ್ತಿರ ಮೇಲಿನ ಕೆಳಗಿನ ಟ್ಯಾಂಕ್ ಬಿಚ್ಚಿಸಿ ಕೊಳವೆಗಳಿಗೆ ಪಟ್ಟಿ ಹಾಕಿ ತೆಗೆಸಿದೆ. ಬ್ಲಾಕಿನ ಒಳಗಿನ ಹೆಕ್ಕಳೆ ಕೆದಕಿ, ನೀರು ತಿಳಿಯಾಗುವವರೆಗೂ ತೊಳೆದೆ. ರೇಡಿಯೇಟರ್ ರೆಕ್ಕೆಗಳಲ್ಲಿ ಸಿಕ್ಕಿದ್ದ ರಾಗಿ ಹೊಟ್ಟು, ಹುಳುಗಳನ್ನು ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೆಗೆದೆ.

ಥರ್ಮೋಸ್ಟಾಟನ್ನು ಪಾತ್ರೆ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ ನೋಡಿದೆ. ಕುದಿಯುವ ಮೊದಲೇ ಅದು ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ, ತೆಗೆದು ಬಿಸಾಡಬೇಡಿ. ಫ್ಯಾನ್ ಬೆಲ್ಟನ್ನೂ ಬಿಗಿ ಮಾಡಿದೆ.

ನೀರಿಗೆ ಈಗ ಶುದ್ಧ ನೀರಿನ ಘಟಕದ ಆರ್‌ಓ ನೀರಿಗೆ ಕೂಲಂಟ್ ಬೆರೆಸಿ ಹಾಕುತ್ತೇನೆ. ಎಷ್ಟು ಬೆರೆಸಬೇಕು, ಎಷ್ಟು ವರ್ಷಕ್ಕೆ ಬದಲಾಯಿಸಬೇಕು ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಮೊದಲ ಮಳೆ ಕಳೆದ ಮೇಲೆ ಶುಭ್ರ ಸೂರಿನಿಂದ ಹಿಡಿದು ಸೋಸಿದ ಮಳೆನೀರೂ ನಡೆಯುತ್ತದೆ. ಬರೀ ಆರ್‌ಓ ನೀರು ಮಾತ್ರ ಹಾಕಿದರೆ ಸುಣ್ಣ ಕಟ್ಟದಿದ್ದರೂ ತುಕ್ಕು ಹಿಡಿಯುತ್ತದೆ. ಜೀಪಿನಲ್ಲಿ ಯಾವಾಗಲೂ ಇದೇ ನೀರಿನ ಐದು ಲೀಟರ್ ಕ್ಯಾನ್ ಇರುತ್ತದೆ.

ಕೂಲಂಟ್ ವಿಷ. ರುಚಿ ಸಿಹಿ ಇರುವುದರಿಂದ ನಾಯಿ, ದನ, ಮಕ್ಕಳು ಬಾಯಿ ಹಾಕುವ ಅಪಾಯ ಇದೆ. ಹಳೆಯದನ್ನು ಕಾಲುವೆಗೆ, ದನದ ಬಾನಿ ಹತ್ತಿರ ಚೆಲ್ಲಬೇಡಿ.

ದಾರಿಯಲ್ಲಿ ಕಾದರೆ

ಮುಳ್ಳು ಏರಿದ ಕೂಡಲೇ ನಿಲ್ಲಿಸಿ. ಮುಚ್ಚಳಕ್ಕೆ ಕೈ ಹಾಕಬೇಡಿ, ಬಿಸಿನೀರು ಮುಖಕ್ಕೆ ಹಾರುತ್ತದೆ. ಒಂದು ಗಂಟೆಯಾದರೂ ಕಾಯಿರಿ. ರೇಡಿಯೇಟರ್ ಕೈಯಲ್ಲಿ ಮುಟ್ಟುವಂತಾದ ಮೇಲೆ, ದಪ್ಪ ಬಟ್ಟೆ ಹಾಕಿ ಮುಚ್ಚಳ ತೆಗೆದು, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಅವತ್ತು ನಾನು ಆ ಒಂದು ಗಂಟೆ ಕಾಯ್ದಿದ್ದರೆ ಹೆಚ್ಚೆಂದರೆ ಹರಾಜು ತಪ್ಪುತ್ತಿತ್ತು. ಕಾಯದೆ ಹೋಗಿ ಹೆಡ್ಡು, ಎರಡು ಗ್ಯಾಸ್ಕೆಟ್, ಜುಲೈ ತಿಂಗಳ ಬಾಡಿಗೆ ಎಲ್ಲಾ ಕಳೆದುಕೊಂಡೆ.

ಎರಡನೇ ಸಲ ಹಾಕಿದ ಗ್ಯಾಸ್ಕೆಟ್ ಇನ್ನೂ ಹಾಗೇ ಇದೆ. ಹಳೆಯದೆರಡನ್ನೂ ಪಂಪ್ ಮನೆ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದೇನೆ. ಯಾರಾದರೂ ಜೀಪಿಗೆ ಬೋರ್ ನೀರಿನ ಪೈಪು ಹಿಡಿದರೆ ಅದನ್ನು ತೋರಿಸುತ್ತೇನೆ. ನಿಮ್ಮ ಊರಿನ ನೀರು, ನಿಮ್ಮ ಎಂಜಿನ್ನಿನ ಅನುಭವ ಬೇರೆ ಇದ್ದರೆ ನೀವೂ ಬರೆಯಿರಿ.